ಭೋಂಗಾದ ಕೆಳಗೆ ನಿಂತ ಕಿವಿ

ಫಕೀರವ್ವತ್ತೆಗೆ ಓದು ಬರುತ್ತಿರಲಿಲ್ಲ. ಬೇರೆ ಊರಿನಲ್ಲಾಗಿದ್ದರೆ ಇದು ಎತ್ತಿ ಹೇಳುವ ಮಾತಲ್ಲ. ಅವಳ ವಯಸ್ಸಿನ, ನಮ್ಮ ಜಾತಿಯ ಹೆಂಗಸರಲ್ಲಿ ಓದು ಬರುವವಳು ಒಬ್ಬಳೂ ಇರಲಿಲ್ಲ. ಆದರೆ ನಮ್ಮ ಊರಿನಲ್ಲಿ ಸರಕಾರಿ ರೇಡಿಯೋ ಇತ್ತು. ಅದರ ಮೈಕಿನ ಮುಂದೆ ಕಾಗದ ನೋಡಿ ಓದಿದ್ದು ಓದಿದವರ ಬಳಿಯೇ ಉಳಿಯುತ್ತಿತ್ತು. ನೆನಪಿನಿಂದ ಹೇಳಿದ್ದು, ನೆನಪಿನಿಂದ ಹಾಡಿದ್ದು ಅವರ ತಲೆಯಿಂದ ಹೋಗಿಬಿಡುತ್ತಿತ್ತು.

ಹೋದದ್ದರ ಗುರುತು ಮಾತ್ರ ಉಳಿಯುತ್ತಿತ್ತು. ಹಲ್ಲು ಬಿದ್ದ ಜಾಗ ನಾಲಿಗೆಗೆ ತಿಳಿಯುವ ಹಾಗೆ, ಇಲ್ಲೊಂದು ಹಾಡಿತ್ತು ಎಂದು ಹಾಡಿದವರಿಗೆ ಗೊತ್ತಿರುತ್ತಿತ್ತು. ಯಾವ ಹಾಡು ಎಂದು ಗೊತ್ತಿರುತ್ತಿರಲಿಲ್ಲ. ರೇಡಿಯೋ ಬಂದ ಮೊದಲ ವರ್ಷ ಊರಿನವರು ಇದರಿಂದ ಕಂಗಾಲಾಗಿದ್ದರಂತೆ. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಎಲ್ಲರೂ ಹೊಂದಿಕೊಂಡಿದ್ದರು. ಪೇಡೆ ಮಾಡುವ ಒಬ್ಬ ಬಂದು ಪಾಕದ ಹದ ಹೇಳಿ ಹೋಗಿದ್ದ. ಮರುದಿನದಿಂದ ಅವನ ಅಂಗಡಿಗಿಂತ ಎದುರಿನ ಅಂಗಡಿಯ ಪೇಡೆ ರುಚಿಯಾಯಿತು. ಅಲ್ಲಿಂದ ಮುಂದೆ ಕಸುಬಿನವರು ತಮ್ಮ ಕಸುಬಿನ ಬಗ್ಗೆ ಮಾತಾಡಲು ಯಾವ ಕಸುಬೂ ಬರದ ಅಳಿಯನನ್ನೋ ಮೈದುನನನ್ನೋ ಕಳಿಸತೊಡಗಿದರು. ಮರೆಯುವುದಕ್ಕೆಂದೇ ಬರುವವರೂ ಇದ್ದರು. ಕೆರೆಯಲ್ಲಿ ಮಗಳನ್ನು ಕಳೆದುಕೊಂಡ ಒಬ್ಬ ತರಕಾರಿಯವನು ಎಂಟು ದಿನಕ್ಕೊಮ್ಮೆ ಬಂದು, ಮೈಕಿನ ಮುಂದೆ ಎರಡು ಮಿನಿಟು ಕೂರಿಸಿ ಎಂದು ಬೇಡುತ್ತಿದ್ದ. ಅಂಥವರನ್ನು ಗೇಟಿನಲ್ಲೇ ಹೊರಳಿಸಿ ಕಳಿಸಬೇಕೆಂದು ಜವಾನನಿಗೆ ಹುಕುಂ ಇತ್ತು.

ರೇಡಿಯೋ ಕೇಂದ್ರ ದಂಡಿನ ಪೇಟೆಯ ಹಳೆಯ ಕುದುರೆ ಲಾಯದಲ್ಲಿತ್ತು. ಮಳೆಗಾಲದಲ್ಲಿ ಗೋಡೆಯಿಂದ ಲದ್ದಿಯ ವಾಸನೆ ಈಗಲೂ ಬರುತ್ತಿತ್ತು. ಮನೆಯಲ್ಲಿ ರೇಡಿಯೋ ಪೆಟ್ಟಿಗೆ ಇದ್ದವರು ಊರಲ್ಲಿ ನಲವತ್ತು ಜನರಿರಬಹುದು. ಉಳಿದವರಿಗೆಂದು ಸರಕಾರ ಹನ್ನೊಂದು ಕಡೆ ಕಂಬ ನೆಟ್ಟು ತುತ್ತೂರಿ ಬಾಯಿಯ ಭೋಂಗಾ ಕಟ್ಟಿಸಿತ್ತು: ಸಂತೆ ಮೈದಾನ, ಕಚೇರಿ, ಗಿರಣಿಯ ಬಾಗಿಲು, ಕೆರೆಯ ಏರಿ, ಹೀಗೆ. ಸಂಜೆ ಐದರಿಂದ ಏಳೂವರೆಯ ತನಕ ಅವು ಕೂಗುತ್ತಿದ್ದವು. ಹಾಡುವವರನ್ನು ಹುಡುಕಿ ತರುವುದು, ಕಾರ್ಯಕ್ರಮ ನಡೆಯುವಾಗ ಗಾಜಿನ ಆಚೆ ಕೂತು ಮೈಕಿನ ಗುಬುಟು ತಿರುಗಿಸುವುದು ನನ್ನ ಕೆಲಸ. ನಮ್ಮ ಮನೆತನದಲ್ಲಿ ಗಂಡಸರು ಕ್ಷೌರ ಮಾಡುತ್ತಿದ್ದರು, ಹೆಂಗಸರು ಹೆರಿಗೆ ಮಾಡಿಸುತ್ತಿದ್ದರು. ಫ್ರೀ ಬೋರ್ಡಿಂಗಿನಲ್ಲಿ ಉಂಡು ಮ್ಯಾಟ್ರಿಕ್ ಮುಗಿಸಿದವನು ನಾನೊಬ್ಬನೇ. ಕೆಲಸ ಹಂಗಾಮಿಯಾಗಿತ್ತು. ಪ್ರತಿ ಆರು ತಿಂಗಳಿಗೊಮ್ಮೆ ಸಾಹೇಬರು ಸಹಿ ಹಾಕಿದರೆ ಮುಂದುವರಿಯುತ್ತಿತ್ತು.

ಹಾಡುವವರಿಗಾಗಿ ಊರೇ ಒಂದು ದಾರಿ ಕಂಡುಕೊಂಡಿತ್ತು. ಮೈಕಿನ ಮುಂದೆ ಹಾಡಲು ಬರುವವರು ತಮ್ಮವರೊಬ್ಬರನ್ನು ಸಂತೆ ಮೈದಾನದ ಭೋಂಗಾದ ಕೆಳಗೆ ನಿಲ್ಲಿಸಿ ಬರುತ್ತಿದ್ದರು. ಅವರಿಗೆ ‘ಕಿವಿ’ ಎಂದೇ ಹೆಸರು. ಕಿವಿಯಾದವರು ಭೋಂಗಾದಿಂದ ಬಂದ ಹಾಡನ್ನು ಹಿಡಿದಿಟ್ಟುಕೊಳ್ಳಬೇಕು, ದಾರಿಯಲ್ಲಿ ಯಾರ ಜೊತೆಗೂ ಮಾತಾಡದೆ ಮನೆಗೆ ಬರಬೇಕು, ಹಾಡಿದವರಿಗೆ ಅವರ ಹಾಡನ್ನೇ ತಿರುಗಿ ಕಲಿಸಬೇಕು. ಒಂದು ಸಂಜೆಯ ಕೆಲಸ. ಸಂತೆಯಲ್ಲಿ ತುಟಿ ಬಿಗಿದುಕೊಂಡು, ಬೆರಳು ಮಡಚುತ್ತ ಬಿರಬಿರನೆ ನಡೆಯುವ ಹೆಂಗಸನ್ನು ಕಂಡರೆ ಜನ ದಾರಿ ಬಿಡುತ್ತಿದ್ದರು. “ಕಿವಿ ಹೊಂಟೈತಿ, ಸರೀರಿ” ಅನ್ನುತ್ತಿದ್ದರು. ಇಷ್ಟಾದರೂ ಮುದುಕಿಯರಿಗೆ ಪೂರ್ತಿ ನಂಬಿಕೆ ಇರಲಿಲ್ಲ. ಯಾವ ಹಾಡಾದರೂ ಕಡೆಯ ನುಡಿಯನ್ನು ಹಾಡದೆ ಮನೆಗೆ ಉಳಿಸಿಕೊಳ್ಳುತ್ತಿದ್ದರು. ಹಾಗಾಗಿ ನಮ್ಮ ರೇಡಿಯೋದಲ್ಲಿ ಒಂದು ಹಾಡೂ ಮುಗಿಯುತ್ತಿರಲಿಲ್ಲ. ಬೀಸುವವಳು ಬೀಸುತ್ತಲೇ ಇರುತ್ತಿದ್ದಳು, ತವರಿಗೆ ಹೊರಟವಳು ದಾರಿಯಲ್ಲೇ ಇರುತ್ತಿದ್ದಳು.

ಮೈಕು ನೆನಪನ್ನು ತೆಗೆದುಕೊಳ್ಳುವುದಕ್ಕೂ ನನ್ನ ಗುಬುಟಿಗೂ ಸಂಬಂಧವಿರಲಿಲ್ಲ. ಇದು ಮುಂದೆ ಬೇಕಾಗುವ ಮಾತು, ಈಗಲೇ ಹೇಳಿಬಿಡುತ್ತೇನೆ. ಒಮ್ಮೆ ಸನಾದಿ ಊದುವ ಒಬ್ಬಾತ ಹೊತ್ತಿಗೆ ಮುಂಚೆ ಬಂದು, ಗುಬುಟು ಇನ್ನೂ ಮುಚ್ಚಿದ್ದಾಗಲೇ ಮೈಕಿನ ಮುಂದೆ ಒಂದು ರಾಗ ನುಡಿಸಿ ನೋಡಿದ. ಭೋಂಗಾದಲ್ಲಿ ಏನೂ ಬರಲಿಲ್ಲ. ರಾಗ ಮಾತ್ರ ಹೋಯಿತು. ಅವನ ಮಗ ಭೋಂಗಾದ ಕೆಳಗೆ ಸುಮ್ಮನೆ ನಿಂತಿದ್ದ.

ಕೇಂದ್ರದ ದೊರೆ ಹಾರ್ಗ್ರೀವ್ ಸಾಹೇಬರು ಇದನ್ನು ನಂಬುತ್ತಿರಲಿಲ್ಲ. ಅವರು ಕೆಟ್ಟವರಲ್ಲ. ಜವಾನನಿಗೆ ಜ್ವರ ಬಂದಾಗ ತಮ್ಮ ಕ್ವಿನೈನ್ ಕೊಟ್ಟವರು. ಆದರೆ ಗಂಟೆ ಎಷ್ಟಾಯಿತು ಎನ್ನುವುದನ್ನೂ ಅವರು ಮೈಕಿನ ಮುಂದೆ ಬರೆದುಕೊಂಡೇ ಓದುತ್ತಿದ್ದರು. ನಾಲ್ಕು ವರ್ಷದಲ್ಲಿ ಅವರದು ಒಂದು ಅಕ್ಷರವೂ ಹೋಗಿರಲಿಲ್ಲ. ವಾರ್ತೆ ಓದುವ ಧೋಂಡೋಪಂತರದೂ ಹೋಗಿರಲಿಲ್ಲ. ಪಂತರು ದಿನಾ ಬಂದು ಟೋಪಿ ಗೂಟಕ್ಕೆ ಹಾಕುತ್ತ, “ಏನಪಾ ಚನ್ನವೀರ, ಇವತ್ತ ಯಾರ ತಲಿ ಖಾಲಿ ಮಾಡಸಾವ ನೀ?” ಎಂದು ಕೇಳುತ್ತಿದ್ದರು. “ನಿಮ್ಮದ ಮಾಡಸೋಣೇನ್ರಿ?” ಎಂದರೆ, “ನಂದ ಮೊದಲ ಖಾಲಿ ಐತಿ. ಅದಕ್ಕ ಸರಕಾರ ಕಾಗದ ಕೊಡತೈತಿ” ಅನ್ನುತ್ತಿದ್ದರು.

ಫಕೀರವ್ವತ್ತೆ ನನ್ನ ತಂದೆಯ ಅಕ್ಕ. ಮೂವತ್ತೆರಡು ವರ್ಷ ಹೆರಿಗೆ ಮಾಡಿಸಿದ್ದಳು. ನಮ್ಮ ಓಣಿ, ನೇಕಾರರ ಓಣಿ, ಗಿರಣಿಯ ಚಾಳು, ಇವಿಷ್ಟರಲ್ಲಿ ಹುಟ್ಟಿದವರೆಲ್ಲ ಅವಳ ಕೈಯಲ್ಲೇ ಹುಟ್ಟಿದವರು. ನಾನೂ, ನನ್ನ ಹೆಂಡತಿ ಕಸ್ತೂರಿಯೂ. ಕೂಸು ಹುಟ್ಟಿದ ಮೇಲೆ ಮಾಸು ಇಳಿಯದೆ ರಕ್ತ ಹರಿದು ಸಾಯುವ ಬಾಣಂತಿಯರು ಬೇರೆ ಕಡೆ ವರ್ಷಕ್ಕೆ ಮೂರೋ ನಾಲ್ಕೋ ಇರುತ್ತಿದ್ದರು. ಅತ್ತೆಯ ಕೈಯಲ್ಲಿ ಅಷ್ಟು ವರ್ಷಕ್ಕೆ ಇಬ್ಬರು. ಅವಳಿಗೆ ಗೊತ್ತಿದ್ದದ್ದೆಲ್ಲ ಒಂದು ಹಾಡಿನಲ್ಲಿತ್ತು. ನಾಲ್ಕು ನುಡಿ. ಬೇನೆ ಹತ್ತಿದಾಗ ಒಂದು, ನೀರು ಒಡೆದಾಗ ಒಂದು, ತಲೆ ಕಂಡಾಗ ಒಂದು. ಈ ಮೂರನ್ನು ಅವಳು ಗಟ್ಟಿಯಾಗಿ ಹಾಡುತ್ತಿದ್ದಳು, ಕೋಣೆಯಲ್ಲಿದ್ದವರೂ ದನಿಗೂಡಿಸುತ್ತಿದ್ದರು. ನಾಲ್ಕನೆಯದು ಕೂಸು ಹುಟ್ಟಿದ ಮೇಲಿನದು. ಅದನ್ನು ಬಾಣಂತಿಯ ಕಿವಿಗೆ ಬಾಯಿಟ್ಟು, ಕಣ್ಣು ಮುಚ್ಚಿಕೊಂಡು, ಬೇರೆಯವರಿಗೆ ಕೇಳಿಸದ ಹಾಗೆ ಹಾಡುತ್ತಿದ್ದಳು. ಎಷ್ಟು ಹೊತ್ತು ಕಾಯಬೇಕು, ಕೈ ಎಲ್ಲಿಡಬೇಕು, ಯಾವ ಕಷಾಯ, ಎಷ್ಟು ಗುಟುಕು ಎಲ್ಲ ಅದರಲ್ಲಿತ್ತು. ಹಾಡುತ್ತ ಹೋದ ಹಾಗೆ ಕೈ ನಡೆಯುತ್ತಿತ್ತು. ಹಾಡು ಬಿಟ್ಟು ಬರಿ ಮಾತಿನಲ್ಲಿ ಹೇಳು ಎಂದರೆ ಅವಳಿಗೆ ಬರುತ್ತಿರಲಿಲ್ಲ. ಆ ನುಡಿಯನ್ನು ಅವಳ ಸೊಸೆ ದ್ಯಾಮವ್ವನಿಗೂ ಕೊಟ್ಟಿರಲಿಲ್ಲ. ಸೂಲಗಿತ್ತಿ ಕೆಲಸ ಬಿಡುವ ದಿನ ಕೊಡಬೇಕೆಂಬುದು ಅವರ ಪದ್ಧತಿ.

ಮೊದಲ ಮೂರು ನುಡಿಗಳನ್ನು ಅತ್ತೆ ನನಗಾಗಿ ರೇಡಿಯೋದಲ್ಲಿ ಆರು ಸಲ ಹಾಡಿದ್ದಳು. ಆರು ಸಲವೂ ದ್ಯಾಮವ್ವ ಭೋಂಗಾದ ಕೆಳಗೆ ನಿಂತು ಹಿಡಿದು ತಂದು ತಿರುಗಿ ಕಲಿಸಿದ್ದಳು. ಅವಳು ಊರಿನಲ್ಲೇ ಒಳ್ಳೆಯ ಕಿವಿ. ಒಂದಕ್ಷರ ಆಚೀಚೆ ಆದದ್ದಿಲ್ಲ.

ಆ ವರ್ಷದ ಚಳಿಗಾಲದಲ್ಲಿ ದಂಡಿನ ಪೇಟೆಯಲ್ಲಿ ಹೊಸ ಹೆರಿಗೆ ಆಸ್ಪತ್ರೆಯ ಕಟ್ಟಡ ಎದ್ದಿತು. ಇಪ್ಪತ್ತು ಮಂಚ, ಬಿಳಿಯ ಪರದೆ. ಅದನ್ನು ತೆರೆಯಲು ಲಾಟ್ ಸಾಹೇಬರು, ಅಂದರೆ ಗವರ್ನರು, ಬರುವವರಿದ್ದರು. ಡಾಕ್ಟರಮ್ಮ ಮಾತ್ರ ಹಡಗು ಹತ್ತಿ ಇನ್ನೂ ಬರಬೇಕಿತ್ತು. ಸಂಜೆ ಆರೂವರೆಗೆ ಸರಿಯಾಗಿ ಲಾಟ್ ಸಾಹೇಬರ ಭಾಷಣ ಆಸ್ಪತ್ರೆಯಿಂದ ತಂತಿಯ ಮೂಲಕ ನಮ್ಮಲ್ಲಿಗೆ ಬಂದು, ನಮ್ಮಿಂದ ಭೋಂಗಾಗಳಿಗೆ ಹೋಗಬೇಕಿತ್ತು. ಅದಕ್ಕೆ ಮುಂಚೆ ನಾಡಿನ ಹೆರಿಗೆ ಹಾಡೊಂದು ಇರಲಿ ಎಂದು ಹಾರ್ಗ್ರೀವ್ ಸಾಹೇಬರಿಗೆ ಹೊಳೆಯಿತು.

“ಪೂರ್ತಿ ಹಾಡು,” ಎಂದರು. “ನಿನ್ನ ಜನರಿಗೆ ಒಂದು ಹಾಡನ್ನೂ ಮುಗಿಸಲು ಬರುವುದಿಲ್ಲವೆಂದು ಮೇಲಿನವರು ಬರೆದಿದ್ದಾರೆ. ನಾನು ಏನೆಂದು ಉತ್ತರ ಬರೆಯಲಿ?”

ಕಾರಣ ಹೇಳಿದೆ. ಅವರು ಪೈಪು ಹೊತ್ತಿಸುತ್ತ ಕೇಳಿದರು. ನಾನು ಮುಗಿಸಿದ ಮೇಲೆ, “ನೀನು ಓದಿದವನು” ಎಂದಷ್ಟೇ ಅಂದರು. ಆಮೇಲೆ ಮೇಜಿನ ಮೇಲಿದ್ದ ನನ್ನ ಆರು ತಿಂಗಳ ಕಾಗದವನ್ನು, ಸಹಿ ಹಾಕದೆ, ಖಾನೆಯಲ್ಲಿಟ್ಟರು. ಕಸ್ತೂರಿಗೆ ಆಗ ಏಳು ತಿಂಗಳು.

ಅತ್ತೆಯ ಮನೆಗೆ ಹೋದಾಗ ಅವಳು ಅಂಗಳದಲ್ಲಿ ಕಾಲು ಚಾಚಿ ಕೂತು, ಕಾಲಿನ ಮೇಲೆ ಯಾರದೋ ಕೂಸನ್ನು ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಕೂಸು ಓಣಿ ಹಾರಿಹೋಗುವಂತೆ ಅಳುತ್ತಿತ್ತು. ನಾನು ವಿಷಯ ಹೇಳಿದೆ. ಅವಳು ಕೂಸನ್ನು ಮಗುಚಿ ಹಾಕಿ ಬೆನ್ನು ತಿಕ್ಕತೊಡಗಿದಳು.

“ಕಡೀ ನುಡಿ ಹೆರೂಕಿ ಕೇಳೂದೋ, ಸಂತ್ಯಾಗ ನಿಂತ ಗಂಡಸರು ಕೇಳೂದಲ್ಲ.”

“ಒಂದ ಸಲ, ಅತ್ತಿ. ದ್ಯಾಮಕ್ಕ ಭೋಂಗಾದ ಬುಡಕ ಇರತಾಳ. ಹಿಡಕೊಂಡ ಬರತಾಳ.”

“ಅಕಿಗೆ ಕೊಟ್ಟಂಗಾತಲ್ಲ ಮತ್ತ. ಕೊಟ್ಟ ಮ್ಯಾಲ ನನ್ನ ಕೈಗೆ ಏನ ಕೆಲಸ?”

ಒಳಗೆ ರೊಟ್ಟಿ ಬಡಿಯುತ್ತಿದ್ದ ದ್ಯಾಮವ್ವ, “ಕೊಡಬ್ಯಾಡ್ರಿ ಅತ್ತಿ, ಹೊತಗೊಂಡ ಹೋಗ್ರಿ ಮ್ಯಾಲ” ಎಂದಳು. ಅತ್ತೆ, “ನೀ ಸುಮ್ಮ ಬಡಿ, ರೊಟ್ಟಿ ದಪ್ಪ ಆಗಾಕತ್ತೈತಿ, ಸಪ್ಪಳದಾಗ ಗೊತ್ತಾಕ್ಕೈತಿ ನನಗ” ಎಂದು ಅಲ್ಲಿಂದಲೇ ಗದರಿಸಿದಳು.

“ಹಂಗಾದರ ನಾ ಬರಕೋತೇನಿ,” ಎಂದೆ. “ಕಾಗದದ ಮ್ಯಾಗ ಇದ್ದರ ಎಲ್ಲಿಗೂ ಹೋಗೂದಿಲ್ಲ.”

“ನೀ ಗಂಡಸಲ್ಲೇನ? ನಿನಗ ಹೇಳ್ಲೇನ ಅದನ್ನ? ಭೋಂಗಾದಾಗ ಹೋದದ್ದು ಗಾಳಿಗಿ ಹೋತು, ಯಾರಿಗಿ ತಿಳೀತು ಯಾರಿಗಿ ಬಿಟ್ಟಿತು. ಕಾಗದದಾಗ ಕುಂತದ್ದು ಕುಂತ ಇರತೈತಿ. ನಾಳೆ ಯಾವನರ ಚಾ ಅಂಗಡ್ಯಾಗ ಓದಿ ನಗತಾನ.”

ನಾನು ಒತ್ತಾಯ ಮಾಡಲಿಲ್ಲ. ಕಿವಿ ಇರುವಾಗ ಬರಹ ಯಾಕೆ ಎಂದುಕೊಂಡೆ. ಆರು ಸಲ ತಪ್ಪದ್ದು ಏಳನೆಯ ಸಲ ಯಾಕೆ ತಪ್ಪೀತು? ಸಾಹೇಬರ ಖಾನೆಯೊಳಗಿನ ಕಾಗದದ ವಿಷಯ ಹೇಳಿದೆ. ಅತ್ತೆ ಕೈ ನಿಲ್ಲಿಸಿದಳು.

“ಅಂದರ ಹಜಾಮತಿ ಕತ್ತಿ ಹಿಡೀಬೇಕಾಕ್ಕೈತಿ ನೀನು.”

“ಹಿಡೀಬೇಕಾಕ್ಕೈತಿ.”

“ನಿಮ್ಮಪ್ಪ ಹಿಡದಿದ್ದ. ಅವನ ಕೈ ಏನ ಸವದಿದ್ದಿಲ್ಲ.” ಕೂಸನ್ನು ಎತ್ತಿ ತೊಟ್ಟಿಲಿನಂತೆ ತೂಗಿದಳು. ಅದು ಅಳು ನಿಲ್ಲಿಸಿತು. “ಕಸ್ತೂರಿ ಹೊಟ್ಟ್ಯಾಗಿನದು ಬರೂದು ನನ್ನ ಕೈಯಾಗ,” ಎಂದಳು. “ಅದಕ್ಕ ಸಾಲಿ ಕಲಿಸೋ ಅಪ್ಪ ಇರಲಿ. ಹಾಡತೇನಿ ಹೋಗು. ಕಣ್ಣ ಮುಚಗೊಂಡ ಹಾಡತೇನಿ, ಆ ನಿನ್ನ ಡಬ್ಬೀ ಮಾರಿ ನೋಡಕೋತ ಹಾಡಾಕ ಬರೂದಿಲ್ಲ ಅದನ್ನ.”

ಆ ದಿನದ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಆರು ಗಂಟೆಗೆ ವಾರ್ತೆ, ಆರು ಐದಕ್ಕೆ ಸಾಹೇಬರ ಎರಡು ಮಿನಿಟಿನ ಪರಿಚಯ, ಆಮೇಲೆ ಇಪ್ಪತ್ತು ಮಿನಿಟಿನ ಹಾಡು. ಆರು ಇಪ್ಪತ್ತೇಳಕ್ಕೆ ಮುಗಿಯುತ್ತದೆ. ಮೂರು ಮಿನಿಟು ಬಿಡುವು. ಸಾಹೇಬರು ಪರಿಚಯವನ್ನು ಓದಿ ಕಾರು ಹತ್ತಿ ಆಸ್ಪತ್ರೆಗೆ ಹೋಗುವುದೆಂದು ಗೊತ್ತಾಗಿತ್ತು. ಅವರು ಕಾಗದ ಹಿಡಿದು ಬಂದಾಗ ಅದು ನಾಲ್ಕು ಹಾಳೆ ಇತ್ತು. ಈ ನಾಡಿನ ಹೆಂಗಸರು, ಅವರ ಅಜ್ಞಾನ, ಅವರ ಹಾಡಿನ ಸೊಗಸು. ಇಂಗ್ಲಿಷಿನಲ್ಲಿ. ಒಳ್ಳೆಯ ಓದು, ಎಲ್ಲೂ ತಡವರಿಸಲಿಲ್ಲ. ಮುಗಿದಾಗ ಆರು ಹನ್ನೆರಡು.

ಅತ್ತೆ ಗಾಜಿನ ಆಚೆ ಚಾಪೆಯ ಮೇಲೆ ಕೂತಿದ್ದಳು. ಹೊಸ ಸೀರೆ ಉಟ್ಟಿದ್ದಳು. ನಾನು ಕೈಬೀಸಿದೆ, ಕೆಂಪು ದೀಪ ಹಚ್ಚಿದೆ. ಅವಳು ಮೊದಲ ನುಡಿ ಎತ್ತಿದಳು. ಅವಳಿಗೆ ಅವಸರ ಮಾಡು ಎಂದು ಹೇಳುವ ಹಾಗಿರಲಿಲ್ಲ. ಹೇಳಿದರೂ ಆಗುತ್ತಿರಲಿಲ್ಲ. ಬೇನೆಯ ಲಯಕ್ಕೆ ಕಟ್ಟಿದ ಹಾಡು ಅದು, ಬೇನೆ ಯಾರ ಮಾತನ್ನೂ ಕೇಳುವುದಿಲ್ಲ. ಮೂರನೆಯ ನುಡಿ ಮುಗಿದಾಗ ಆರು ಇಪ್ಪತ್ತೊಂಬತ್ತು ಆಗಿತ್ತು. ಫೋನು ಗುಣುಗುಟ್ಟಿತು. ಆಸ್ಪತ್ರೆಯಿಂದ ಸಾಹೇಬರೇ: “ಅವರು ಎದ್ದು ನಿಂತಿದ್ದಾರೆ. ಆರೂವರೆ ಎಂದರೆ ಆರೂವರೆ.” ಅತ್ತೆ ಕಣ್ಣು ಮುಚ್ಚಿದಳು. ಮೈಕಿನ ಹತ್ತಿರಕ್ಕೆ ಬಗ್ಗಿ, ಬಾಣಂತಿಯ ಕಿವಿಗೆ ಇಡುವ ಹಾಗೆ ಅದಕ್ಕೆ ಬಾಯಿಟ್ಟಳು.

“ಹಗ್ಗ ಜಗ್ಗಬ್ಯಾಡ ತಂಗೀ, ಬಾವ್ಯಾಗೈತಿ ಕೊಡ...”

ಒಂದು ಸಾಲು. ಗಡಿಯಾರದ ಮುಳ್ಳು ನೆಟ್ಟಗಾಯಿತು.

ನನ್ನ ಮುಂದೆ ಎರಡು ಗುಬುಟು ಇದ್ದವು. ಒಂದು ಅತ್ತೆಯದು, ಒಂದು ಆಸ್ಪತ್ರೆಯ ತಂತಿಯದು. ನಾನು ಎರಡು ಮಿನಿಟು ಸುಮ್ಮನಿದ್ದಿದ್ದರೆ ಲಾಟ್ ಸಾಹೇಬರ ಮೊದಲ ಎರಡು ಮಿನಿಟನ್ನು ಊರು ಕೇಳುತ್ತಿರಲಿಲ್ಲ. ಅವರು ಕಾಗದ ನೋಡಿ ಓದುತ್ತಿದ್ದರು, ಏನೂ ಹೋಗುತ್ತಿರಲಿಲ್ಲ. ಇದು ನನಗೆ ಆಗಲೇ ಗೊತ್ತಿತ್ತು. ಆಮೇಲೆ ಹೊಳೆದದ್ದು ಎಂದು ಸುಳ್ಳು ಹೇಳುವುದಿಲ್ಲ. ಅತ್ತೆಯ ಗುಬುಟನ್ನು ಮುಚ್ಚಿ ತಂತಿಯದನ್ನು ತೆರೆದೆ. ಅವಳ ಕೆಂಪು ದೀಪ ಆರಿತು. ಅದು ಆರಿದರೆ ನಿಲ್ಲಿಸಬೇಕೆಂದು ಎಲ್ಲ ಹಾಡುವವರಿಗೂ ಹೇಳಿರುತ್ತೇವೆ. ಅವಳ ಕಣ್ಣು ಮುಚ್ಚಿತ್ತು. ಗಾಜು ಬಡಿದೆ. ಅದು ಎರಡು ಪದರದ ಗಾಜು, ಸದ್ದು ದಾಟದಿರಲೆಂದೇ ಹಾಕಿಸಿದ್ದು. ಎದ್ದು ಬಾಗಿಲು ಸುತ್ತಿ ಒಳಗೆ ಹೋಗಲು ಇಪ್ಪತ್ತು ಹೆಜ್ಜೆ. ಆದರೆ ಲಾಟ್ ಸಾಹೇಬರ ದನಿ ಒಮ್ಮೆ ಏರುತ್ತಿತ್ತು, ಒಮ್ಮೆ ಇಳಿಯುತ್ತಿತ್ತು, ದನಿ ತೋರಿಸುವ ಮುಳ್ಳು ಕುಣಿಯುತ್ತಿತ್ತು, ಗುಬುಟಿನಿಂದ ಕೈ ತೆಗೆಯುವ ಹಾಗಿರಲಿಲ್ಲ. ನಾನು ಎದ್ದು ಹೋಗಲಿಲ್ಲ. ನನ್ನ ಕಿವಿಯಲ್ಲಿ ಲಾಟ್ ಸಾಹೇಬರು ಬಹಳ ಸಂತೋಷವಾಗಿದೆ ಎನ್ನುತ್ತಿದ್ದರು. ಗಾಜಿನ ಆಚೆ ಅತ್ತೆಯ ತುಟಿ ಅಲುಗುತ್ತಿತ್ತು. ಎಡಗೈ ಚಾಪೆಯ ಮೇಲೆ ಯಾರದೋ ಹೊಟ್ಟೆಯನ್ನು ಸವರುತ್ತಿತ್ತು. ಅವಳು ಮುಗಿಸಿ ಕಣ್ಣು ತೆರೆದಳು. ದೀಪ ನೋಡಿದಳು, ಆಮೇಲೆ ನನ್ನನ್ನು.

ಏಳು ಗಂಟೆಗೆ ಮುಂಚೆಯೇ, ಭಾಷಣ ಮುಗಿದು ನಾನು ಹೊರಗೆ ಬರುವಷ್ಟರಲ್ಲಿ, ದ್ಯಾಮವ್ವ ಗೇಟಿಗೆ ಓಡಿ ಬಂದಳು. ಕಿವಿಯಾದವಳು ದಾರಿಯಲ್ಲಿ ಮಾತಾಡಬಾರದು. ಅವಳು ಗೇಟಿನಿಂದಲೇ ಕೂಗಿದಳು.

“ಕಡೀದು ಎಲ್ಲೈತಿ? ಏ ಚನ್ನವೀರ, ಕಡೀದು ಎಲ್ಲೈತೋ? ಒಂದ ಸಾಲ ಬಂತು, ಆಮ್ಯಾಲ ಯಾವನೋ ಇಂಗ್ರೇಜಿಯವ ಬಂದ!”

“ಕೂಗಬ್ಯಾಡ,” ಎಂದಳು ಅತ್ತೆ. ವರಾಂಡದ ಕಂಬಕ್ಕೆ ಒರಗಿ ಕೂತಿದ್ದಳು. “ಮೂರ ತಂದೀಯಲ್ಲ? ಅವನ್ನರ ಚೆಲ್ಲಬ್ಯಾಡ. ಮನೀಗಿ ನಡಿ.”

“ನಾಕನೇದ್ದು ನೆನಪೈತೇನ್ರಿ ಅತ್ತಿ? ಒಂದ ಸಾಲರ?”

ಅತ್ತೆ ಬಾಯಿ ತೆರೆದಳು. ಏನೋ ನಾಲಿಗೆಗೆ ಸಿಕ್ಕಿದಂತೆ ಕೆಳಗಿನ ದವಡೆ ಆಡಿಸಿದಳು. “ಜಾಗ ಐತಿ,” ಎಂದಳು. “ದೊಡ್ಡ ಜಾಗ ಐತಿ.”

ಧೋಂಡೋಪಂತರು ಟೋಪಿ ಇಟ್ಟುಕೊಂಡು ಹೊರಗೆ ಬಂದವರು ನಮ್ಮನ್ನು ನೋಡಿ ಏನೂ ಹಾಸ್ಯ ಮಾಡದೆ ಮೆಟ್ಟಿಲಿಳಿದು ಹೋದರು. ಮರುದಿನ ಹಾರ್ಗ್ರೀವ್ ಸಾಹೇಬರು ನನ್ನ ಕಾಗದ ಖಾನೆಯಿಂದ ತೆಗೆದರು. ಆರು ತಿಂಗಳಿಗಲ್ಲ, ಕಾಯಂ ಎಂದು ಬರೆದು ಸಹಿ ಹಾಕಿದರು. ಲಾಟ್ ಸಾಹೇಬರು ಒಂದು ಕ್ಷಣವೂ ಕಾಯಬೇಕಾಗಲಿಲ್ಲವೆಂದು ಬೆನ್ನು ತಟ್ಟಿದರು. “ಹಾಡು ಮುಗಿಯಿತಷ್ಟೆ?” ಎಂದು ಕೇಳಿದರು. ಮುಗಿಯಿತು ಎಂದೆ.

ಆ ನುಡಿಯನ್ನು ಕೇಳಿದವರು ಊರಿನಲ್ಲಿ ಇಲ್ಲದಿರಲಿಲ್ಲ. ನೂರಾರು ಹೆಂಗಸರ ಕಿವಿಯಲ್ಲಿ ಅತ್ತೆ ಅದನ್ನು ಹಾಡಿದ್ದಳು. ಕೆಲಸ ಮುಗಿದ ಮೇಲೆ ನಾನು, ಬೆಳಿಗ್ಗೆ ದ್ಯಾಮವ್ವ, ಓಣಿ ಓಣಿ ತಿರುಗಿದೆವು. ನನ್ನನ್ನು ಕಂಡರೆ ಕೆಲವರು ಸೆರಗು ಎಳೆದುಕೊಂಡು ಒಳಗೆ ಹೋಗುತ್ತಿದ್ದರು. ಕೆಲವರು ಬೈದರು. ನೇಕಾರರ ಓಣಿಯ ಒಬ್ಬಳು, “ಜೀವ ಹೋಗೂ ಹೊತ್ತನ್ಯಾಗ ಹಾಡ ಬರಕೋತ ಕುಂದರಬೇಕಿತ್ತೇನ ನಾನು?” ಎಂದಳು. ಗಿರಣಿ ಚಾಳಿನ ಒಬ್ಬಳಿಗೆ ‘ಜೀರಿಗಿ’ ಎಂಬ ಮಾತು ನೆನಪಿತ್ತು. ಇನ್ನೊಬ್ಬಳಿಗೆ ‘ಮೂರ ಸಲ’. ಯಾವುದು ಮೂರು ಸಲ ಎಂದು ಗೊತ್ತಿರಲಿಲ್ಲ. ಐದು ಹೆತ್ತ ಒಬ್ಬ ಮುದುಕಿ ಎಂಟು ಸಾಲಿನ ರಾಗವನ್ನು ಪೂರ್ತಿ ಗುನುಗಿದಳು, ಮಾತು ಒಂದೂ ಇರಲಿಲ್ಲ. ಸಿಕ್ಕಿದ್ದನ್ನೆಲ್ಲ ನಾನು ಬರೆದುಕೊಂಡು ಬಂದು ಅತ್ತೆಯ ಮುಂದೆ ಓದುತ್ತಿದ್ದೆ. ಈಗ ಅವಳು ಬರೆಯಬೇಡ ಎನ್ನುತ್ತಿರಲಿಲ್ಲ. ಬೇರೆ ಯಾರದೋ ಮನೆಯ ಪಾತ್ರೆಗಳನ್ನು ತೋರಿಸಿ ಇದು ನಿನ್ನದೇ ಎಂದು ಕೇಳಿದ ಹಾಗೆ ಕೇಳುತ್ತಿದ್ದಳು. “ಇದ್ದೀತು” ಎನ್ನುತ್ತಿದ್ದಳು. “ಇರಲಿಕ್ಕಿಲ್ಲ” ಎನ್ನುತ್ತಿದ್ದಳು. ಎರಡು ತಿಂಗಳಿಗೆ ಹನ್ನೊಂದು ಮಾತು ಕೂಡಿದವು. ಒಂದರ ಪಕ್ಕ ಒಂದು ಇಟ್ಟರೆ ಏನೂ ಆಗುತ್ತಿರಲಿಲ್ಲ.

ಊರಿಗೆ ದಕ್ಕಿದ್ದು ಭೋಂಗಾದಲ್ಲಿ ಬಂದ ಆ ಒಂದು ಸಾಲು. ಮಕ್ಕಳು ಅದನ್ನು ಹಗ್ಗ ಜಗ್ಗುವ ಆಟಕ್ಕೆ ಹಾಡಿಕೊಂಡರು. ಹಗ್ಗವೆಂದರೆ ಹೊಕ್ಕುಳಬಳ್ಳಿ, ಕೊಡವೆಂದರೆ ಇನ್ನೂ ಇಳಿಯದ ಮಾಸು; ಬಳ್ಳಿ ಜಗ್ಗಬಾರದು ಎಂದು ಅತ್ತೆಗೂ ದ್ಯಾಮವ್ವನಿಗೂ ಅದರಿಂದ ಗೊತ್ತಿತ್ತು. ಜಗ್ಗದೆ ಏನು ಮಾಡಬೇಕು, ಎಷ್ಟು ಹೊತ್ತು, ಆಮೇಲೆ ಕೈ ಎಲ್ಲಿ, ಇದು ಗೊತ್ತಿರಲಿಲ್ಲ. ಆ ತಿಂಗಳಲ್ಲೇ ಗಿರಣಿಯ ಚಾಳಿನಲ್ಲಿ ಒಬ್ಬಳು ಹೋದಳು. ಅತ್ತೆ ಇನ್ನು ಯಾರ ಮನೆಗೂ ಬರುವುದಿಲ್ಲ ಎಂದಳು. ಆದರೆ ಬೇನೆ ಹತ್ತಿದವರ ಮನೆಯವರು ಬಂದು ಬಾಗಿಲಲ್ಲಿ ಕೂತರೆ ಏನು ಮಾಡುತ್ತಾಳೆ? ಎದ್ದು ಹೋಗುತ್ತಿದ್ದಳು.

ಕಸ್ತೂರಿಯ ವಿಷಯ ನಾನು ಸಾಹೇಬರಿಗೆ ಮೊದಲೇ ಹೇಳಿಕೊಂಡಿದ್ದೆ. ಅವರು ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಬೇನೆ ಹತ್ತಿದ್ದು ಬೆಳಿಗ್ಗೆ ಏಳಕ್ಕೆ. ಟಾಂಗಾದಲ್ಲಿ ಕರೆದುಕೊಂಡು ಹೋದೆ. ಬಿಳಿ ಟೋಪಿಯ ನರ್ಸಮ್ಮ ಚೀಟಿ ಓದಿದಳು. ಡಾಕ್ಟರಮ್ಮ ಇನ್ನೂ ಬಂದಿಲ್ಲ, ಬರುವ ತನಕ ಹೆರಿಗೆ ತೆಗೆದುಕೊಳ್ಳುವುದಿಲ್ಲ ಎಂದಳು. ಒಳಗೆ ಇಪ್ಪತ್ತು ಮಂಚ ಬಿಳಿಯಾಗಿ ಕಾಣುತ್ತಿದ್ದವು. ಕಸ್ತೂರಿ ಟಾಂಗಾದ ಸರಳು ಹಿಡಿದುಕೊಂಡು, “ತಿರುಗಸ್ರಿ ಗಾಡೀನ. ಇಲ್ಲೇ ಹಡದೇನು, ನಿಮ್ಮ ಸಾಹೇಬರ ಮೆಟ್ಟಿಲ ಹೊಲಸಾಗತಾವ” ಎಂದಳು.

ಮನೆಯಲ್ಲಿ ಅತ್ತೆ ಮೊದಲ ಮೂರು ನುಡಿ ಹಾಡಿದ್ದು ಹೊರಗೆ ಕಟ್ಟೆಯ ಮೇಲೆ ಕೂತ ನನಗೆ ಕೇಳಿಸಿತು. ದನಿ ಗಟ್ಟಿಯಾಗಿತ್ತು. ಹತ್ತೂವರೆಗೆ ಕೂಸು ಅತ್ತಿತು. ಹೆಣ್ಣು. ಆಮೇಲೆ ಒಳಗೆ ಸದ್ದಿರಲಿಲ್ಲ. ಬಹಳ ಹೊತ್ತು ಸದ್ದಿರಲಿಲ್ಲ. ಕದ ತಳ್ಳಿ ಹೋದೆ. ಗಂಡಸರು ಹೋಗಬಾರದ ಜಾಗ, ಯಾರೂ ತಡೆಯಲಿಲ್ಲ. ದ್ಯಾಮವ್ವ ಬಟ್ಟೆ ಮುದ್ದೆ ಮಾಡಿ ಒತ್ತಿ ಹಿಡಿದಿದ್ದಳು. ಅದು ಕೆಂಪಗೆ ತೊಯ್ದಿತ್ತು. ಅತ್ತೆ ಕಸ್ತೂರಿಯ ಕಿವಿಗೆ ಬಾಯಿಟ್ಟು, ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಎಡಗೈ ಹೊಟ್ಟೆಯ ಮೇಲಿತ್ತು. ಎತ್ತ ಹೋಗಬೇಕೆಂದು ಗೊತ್ತಿಲ್ಲದೆ ಅದು ಅಲ್ಲೇ ಇತ್ತು.

“ಹಗ್ಗ ಜಗ್ಗಬ್ಯಾಡ ತಂಗೀ,” ಎಂದಳು ಅತ್ತೆ. ನಿಲ್ಲಿಸಿದಳು. ಮತ್ತೆ ಅದನ್ನೇ ಅಂದಳು.

“ಮುಂದ?” ಎಂದಳು ಕಸ್ತೂರಿ. ಅವಳ ತುಟಿ ಬಿಳಿಚಿತ್ತು. “ಮುಂದ ಹಾಡು, ಅತ್ತಿ.”

ಹನ್ನೆರಡಕ್ಕೆ ಗಿರಣಿಯ ಕೂಗು ಆಗುವ ಮೊದಲೇ ಮುಗಿಯಿತು.

ಸಾಹೇಬರು ಮೂರು ದಿನ ರಜೆ ಕೊಟ್ಟರು. ನಾಲ್ಕನೆಯ ದಿನ ಹೋಗಿ ಗುಬುಟಿನ ಮುಂದೆ ಕೂತೆ. ಈಗಲೂ ಕೂರುತ್ತೇನೆ. ಕೂಸನ್ನು ದ್ಯಾಮವ್ವ ಸಾಕುತ್ತಿದ್ದಾಳೆ. ಡಾಕ್ಟರಮ್ಮ ಮುಂದಿನ ವರ್ಷ ಬಂದಳು. ಆ ಸಂಜೆಯ ನಂತರ ಹಾಡುವ ಹೆಂಗಸರು ಕೇಂದ್ರಕ್ಕೆ ಬರುವುದನ್ನು ಬಿಟ್ಟರು. ಸಾಹೇಬರು ಗ್ರಾಮಫೋನ್ ತಟ್ಟೆ ತರಿಸಿದರು. ಅದರ ಹಾಡುಗಳೆಲ್ಲ ಸರಿಯಾಗಿ ಮೂರು ಮಿನಿಟಿಗೆ ಮುಗಿಯುತ್ತವೆ.

ಕಾರ್ಯಕ್ರಮ ಶುರುವಾಗುವ ಮುಂಚೆ ಮೈಕಿನ ಕೋಣೆಯಲ್ಲಿ ಯಾರೂ ಇರುವುದಿಲ್ಲ. ಹೋಗಿ ಚಾಪೆಯ ಮೇಲೆ ಕೂತು ಆ ದಿನ ಆರೂವರೆಗೆ ನಾನು ಮಾಡಿದ್ದನ್ನು ಬಾಯಿಬಿಟ್ಟು ಹೇಳಿದರೆ ಸಾಕು, ಎದ್ದು ಬರುವಾಗ ಅದು ನನ್ನ ಬಳಿ ಇರುವುದಿಲ್ಲ. ಎರಡು ಸಲ ಹೋಗಿ ಕೂತದ್ದುಂಟು. ತರಕಾರಿಯವನು ಇನ್ನೂ ಗೇಟಿಗೆ ಬರುತ್ತಾನೆ, ಜವಾನ ಇನ್ನೂ ಅವನನ್ನು ಹೊರಳಿಸಿ ಕಳಿಸುತ್ತಾನೆ. ಅವನಿಗೆ ಇಲ್ಲದ ಸವಲತ್ತು ನನಗೆ ಯಾಕೆ? ಎದ್ದು ಬಂದು ಇದನ್ನು ಕಾಗದದ ಮೇಲೆ ಬರೆದೆ. ಕಾಗದದಲ್ಲಿ ಕೂತದ್ದು ಕೂತೇ ಇರುತ್ತದೆ ಎಂದು ಅತ್ತೆಯೇ ಹೇಳಿದ್ದಳು.

ಫಕೀರವ್ವತ್ತೆ ಆ ಸಂಜೆಯ ನಂತರ ಹದಿನಾಲ್ಕು ತಿಂಗಳು ಬದುಕಿದ್ದಳು. ಅಷ್ಟರಲ್ಲಿ ಅವಳ ಕೈಯಲ್ಲಿ ಆದ ಹೆರಿಗೆ ಮೂವತ್ತೊಂದು. ನುಡಿಯಲ್ಲಿ ಎಂಟು ಸಾಲಿದ್ದವು, ಒಂದು ಉಳಿಯಿತು. ಹೋದ ಸಾಲು ಏಳು. ಹೋದ ಹೆಂಗಸರು, ಕಸ್ತೂರಿ ಸೇರಿ, ಐವರು.